ಹಿಂದಿನವರು ಏನಂದಿದ್ದಾರೆ? ಕಲ್ಯಾಣದಿಂದ ಹಾಲಹಳ್ಳಿವರೆಗೆ ಸಂಶೋಧನೆಯ ಮೊದಲ ಪ್ರಶ್ನೆ

ನಮ್ಮ ಬೀದರ್ ಜಿಲ್ಲೆಯಲ್ಲಿ ಹೊಲ ಕೊಳ್ಳುವವರು ಮೊದಲು ಏನು ಮಾಡುತ್ತಾರೆ? ಪಹಣಿ ತೆಗೆಸುತ್ತಾರೆ. ಮ್ಯುಟೇಶನ್ ನೋಡುತ್ತಾರೆ. ಸಬ್ ರಿಜಿಸ್ಟ್ರಾರ್ ಕಚೇರಿಯಿಂದ ಇ.ಸಿ. ತರುತ್ತಾರೆ. ಬ್ಯಾಂಕಿನ ಸಾಲ ಉಂಟೋ, ಈ ಮೊದಲು ಬೇರೆ ಯಾರಿಗಾದರೂ ಬರೆದುಕೊಟ್ಟಿದ್ದಾರೋ, ಅಣ್ಣತಮ್ಮಂದಿರ ಪಾಲು ಆಗಿದೆಯೋ ಇಲ್ಲವೋ ಎಂದು ವಕೀಲರಿಗೆ ತೋರಿಸುತ್ತಾರೆ. ಹಳೆಯ ಕಾಗದ ಉರ್ದುವಿನಲ್ಲಿದ್ದರೆ ಅದನ್ನು ಓದಬಲ್ಲ ಹಿರಿಯರನ್ನು ಹುಡುಕಿಕೊಂಡು ಹೋಗುತ್ತಾರೆ. ಬಾಂದಿನ ಆಚೆಯ ರೈತನನ್ನೂ ಒಂದು ಮಾತು ಕೇಳುತ್ತಾರೆ. ಇಷ್ಟೆಲ್ಲ ಆದ ಮೇಲೆಯೇ ಇಸಾರದ ದುಡ್ಡು ಕೈ ಬದಲಾಗುವುದು.

ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ಮಾಡುವವರಿಗೂ ಇಂಥದೇ ಒಂದು ಕೆಲಸ ಇದೆ. ಅದಕ್ಕೆ ‘ಸಾಹಿತ್ಯ ಸಮೀಕ್ಷೆ’ ಎನ್ನುತ್ತಾರೆ. ಕಾಲೇಜಿನವರ ಬಾಯಲ್ಲಿ ಅದು ‘ಲಿಟರೇಚರ್ ರಿವ್ಯೂ’. ಇಲ್ಲಿ ಸಾಹಿತ್ಯ ಎಂದರೆ ಕಥೆ, ಕವಿತೆ ಅಲ್ಲ. ಒಂದು ವಿಷಯದ ಮೇಲೆ ಈವರೆಗೆ ಯಾರು ಯಾರು ಏನು ಬರೆದಿದ್ದಾರೆ ಎಂಬ ಎಲ್ಲ ಬರಹಕ್ಕೂ ಅದೇ ಹೆಸರು. ಪಿಎಚ್‌ಡಿ ಪ್ರಬಂಧ ತೆರೆದರೆ ಬಹಳ ಸಲ ಎರಡನೇ ಅಧ್ಯಾಯ ಇದೇ ಆಗಿರುತ್ತದೆ.

ಈ ಅಧ್ಯಾಯವನ್ನು ಓದುವವರು ಕಡಿಮೆ. ಮನಸ್ಸಿಟ್ಟು ಬರೆಯುವವರು ಇನ್ನೂ ಕಡಿಮೆ. ‘ಇಂಥವರು ಇಂಥ ವರ್ಷ ಹೀಗೆ ಹೇಳಿದ್ದಾರೆ, ಅಂಥವರು ಅಂಥ ವರ್ಷ ಹಾಗೆ ಹೇಳಿದ್ದಾರೆ’ ಎಂದು ಐವತ್ತು ಹೆಸರು ಸಾಲಾಗಿ ನಿಲ್ಲಿಸಿ ಮುಗಿಸುತ್ತಾರೆ. ಗೈಡ್ ಕೇಳುತ್ತಾರೆಂದು ಬರೆಯುವುದು, ಅಷ್ಟೇ ಎಂಬ ಭಾವನೆ ಹುಡುಗರಲ್ಲಿದೆ. ಇದು ಎಲ್ಲೋ ಪರದೇಶದಿಂದ ಬಂದ ಶಾಸ್ತ್ರ ಎಂದು ಅಂದುಕೊಂಡವರೂ ಇದ್ದಾರೆ.

ಹಾಗಲ್ಲ. ಈ ಕೆಲಸವನ್ನು ಸುಮಾರು ಒಂಬತ್ತು ನೂರು ವರ್ಷದ ಹಿಂದೆಯೇ ಅಚ್ಚುಕಟ್ಟಾಗಿ ಮಾಡಿ ತೋರಿಸಿದ ಒಬ್ಬ ಪಂಡಿತ ನಮ್ಮ ಜಿಲ್ಲೆಯ ಕಲ್ಯಾಣದಲ್ಲೇ ಇದ್ದ. ಅವನು ಮಾಡಿದ ಆ ಸಮೀಕ್ಷೆಯ ಮೇಲೆ ಗಂಡ ಸತ್ತ ಹೆಂಗಸೊಬ್ಬಳ ಹೊಲ ಉಳಿಯುವುದೋ ಹೋಗುವುದೋ ಎಂಬುದು ನಿಂತಿತ್ತು.

ಕಲ್ಯಾಣದ ವಿಜ್ಞಾನೇಶ್ವರ

ಕಲ್ಯಾಣ ಎಂದರೆ ನಮಗೆ ಮೊದಲು ನೆನಪಾಗುವುದು ಬಸವಣ್ಣ, ಅಲ್ಲಮ, ಅನುಭವ ಮಂಟಪ. ಅವರಿಗಿಂತ ಒಂದೆರಡು ತಲೆಮಾರು ಮೊದಲು ಕಲ್ಯಾಣ ಚಾಲುಕ್ಯರ ರಾಜಧಾನಿ. 1076ರಿಂದ 1126ರವರೆಗೆ ಆರನೇ ವಿಕ್ರಮಾದಿತ್ಯ ಆಳಿದ. ಅವನ ಕಾಲದ ಪಂಡಿತ ವಿಜ್ಞಾನೇಶ್ವರ. ಕಲಬುರಗಿ ಜಿಲ್ಲೆಯ ಮರತೂರಿನವರು ಅವನನ್ನು ತಮ್ಮೂರಿನವನು ಎನ್ನುತ್ತಾರೆ. ಗ್ರಂಥದ ಕೊನೆಯಲ್ಲಿ ಅವನು ಹೊಗಳುವುದು ಕಲ್ಯಾಣ ಪಟ್ಟಣವನ್ನು ಮತ್ತು ಅದರ ರಾಜನನ್ನು.

ಆ ಗ್ರಂಥದ ಹೆಸರು ‘ಮಿತಾಕ್ಷರ’. ಅಂದರೆ ಮಿತವಾದ ಮಾತಿನದು ಎಂದರ್ಥ. ಯಾಜ್ಞವಲ್ಕ್ಯ ಸ್ಮೃತಿ ಎಂಬ ಹಳೆಯ ಧರ್ಮಶಾಸ್ತ್ರದಲ್ಲಿ ಸುಮಾರು ಸಾವಿರ ಶ್ಲೋಕಗಳಿವೆ. ಅದಕ್ಕೆ ವಿಜ್ಞಾನೇಶ್ವರ ಸಂಸ್ಕೃತದಲ್ಲಿ ಬರೆದ ವ್ಯಾಖ್ಯಾನ ಇದು. ಆಸ್ತಿ, ಸಾಲ, ಗಡಿ, ಸಾಕ್ಷಿ, ಪಾಲು, ಹೀಗೆ ಊರ ಪಂಚಾಯ್ತಿಕಟ್ಟೆಗೆ ಬರುವ ವಿಷಯಗಳೆಲ್ಲ ಇದರಲ್ಲಿವೆ.

ಅವನ ಮುಂದಿದ್ದ ತೊಂದರೆ ಏನೆಂದರೆ, ಸ್ಮೃತಿ ಒಂದೇ ಅಲ್ಲ. ಮನು ಒಂದು ಹೇಳಿದರೆ ನಾರದ ಇನ್ನೊಂದು ಹೇಳಿದ್ದಾನೆ. ಕಾತ್ಯಾಯನ, ಬೃಹಸ್ಪತಿ ಮತ್ತೊಂದು ಹೇಳಿದ್ದಾರೆ. ಇವರ ಮೇಲೆ ವ್ಯಾಖ್ಯಾನ ಬರೆದ ವಿಶ್ವರೂಪ, ಮೇಧಾತಿಥಿ, ಅಸಹಾಯ, ಭಾರುಚಿ, ಶ್ರೀಕರ, ಧಾರೇಶ್ವರ ಬೇರೆ ಇದ್ದಾರೆ. ಇವರೆಲ್ಲರ ಹೆಸರು ಮಿತಾಕ್ಷರದಲ್ಲಿ ಬರುತ್ತದೆ. ‘ಇವರೆಲ್ಲ ಹೀಗೆ ಹೇಳಿದ್ದಾರೆ’ ಎಂದು ಒಂದು ಪಟ್ಟಿ ಮಾಡಿ ವಿಜ್ಞಾನೇಶ್ವರ ಕೈ ತೊಳೆದುಕೊಳ್ಳಲಿಲ್ಲ. ಒಬ್ಬೊಬ್ಬರ ಮಾತನ್ನೂ ಎದುರಿಗಿಟ್ಟುಕೊಂಡು ತೂಗಿದ. ಹೇಗೆ ತೂಗಿದ ಎಂಬುದಕ್ಕೆ ಒಂದೇ ಒಂದು ಪ್ರಕರಣ ನೋಡೋಣ.

ಮಗನಿಲ್ಲದವನ ಹೆಂಡತಿಗೆ ಏನು?

ಗಂಡ ಸತ್ತಿದ್ದಾನೆ. ಗಂಡುಮಕ್ಕಳಿಲ್ಲ. ಅವನ ಹೊಲಮನೆ ಯಾರಿಗೆ ಸೇರಬೇಕು? ಹೆಂಡತಿಗೋ, ಅವನ ಅಣ್ಣತಮ್ಮಂದಿರಿಗೋ? ಇವತ್ತಿಗೂ ಔರಾದ್, ಭಾಲ್ಕಿ ಕೋರ್ಟಿನ ಕಟ್ಟೆಯ ಮೇಲೆ ಕುಳಿತವರಿಗೆ ಈ ಪ್ರಶ್ನೆ ಹೊಸದಲ್ಲ.

ಯಾಜ್ಞವಲ್ಕ್ಯ ವಾರಸುದಾರರ ಸಾಲಿನಲ್ಲಿ ಹೆಂಡತಿಯನ್ನು ಮೊದಲು ಇಡುತ್ತಾನೆ. ಆಮೇಲೆ ಹೆಣ್ಣುಮಕ್ಕಳು, ತಂದೆತಾಯಿ, ಅಣ್ಣತಮ್ಮಂದಿರು. ಆದರೆ ಬೇರೆ ಸ್ಮೃತಿಗಳಲ್ಲಿ ಆಸ್ತಿ ಅಣ್ಣತಮ್ಮಂದಿರಿಗೆ, ಹೆಂಡತಿಗೆ ಬರೀ ಅನ್ನಬಟ್ಟೆ ಎಂಬ ಮಾತೂ ಇದೆ. ವಿಜ್ಞಾನೇಶ್ವರ ಮೊದಲು ಎರಡೂ ಕಡೆಯ ಮಾತುಗಳನ್ನು ಒಂದೂ ಮುಚ್ಚಿಡದೆ ಮುಂದಿಡುತ್ತಾನೆ. ತನಗೆ ಬೇಡವಾದದ್ದನ್ನು ಬಿಟ್ಟುಬಿಡುವುದು ಸುಲಭವಿತ್ತು. ಬಿಡಲಿಲ್ಲ.

ಆಮೇಲೆ ತನಗಿಂತ ಹಿಂದೆ ಈ ಗಂಟು ಬಿಚ್ಚಲು ನೋಡಿದವರನ್ನು ಕರೆಯುತ್ತಾನೆ. ಧಾರೇಶ್ವರನ ಪರಿಹಾರ ಹೀಗಿತ್ತು: ಗಂಡನ ಮನೆಯವರಿಂದ ನಿಯೋಗದ ಮೂಲಕ ಮಗನನ್ನು ಪಡೆಯಲು ಒಪ್ಪಿದ ಹೆಂಡತಿಗೆ ಮಾತ್ರ ಆಸ್ತಿ. ಶ್ರೀಕರನದು ಬೇರೆ: ಆಸ್ತಿ ಸಣ್ಣದಿದ್ದರೆ ಹೆಂಡತಿಗೆ, ದೊಡ್ಡದಿದ್ದರೆ ಅಣ್ಣತಮ್ಮಂದಿರಿಗೆ.

ವಿಜ್ಞಾನೇಶ್ವರ ಇಬ್ಬರನ್ನೂ ಒಪ್ಪುವುದಿಲ್ಲ, ಏಕೆ ಎಂಬುದನ್ನೂ ಹೇಳುತ್ತಾನೆ. ಯಾಜ್ಞವಲ್ಕ್ಯನ ಮಾತಿನಲ್ಲಿ ‘ಹೆಂಡತಿ’ ಎಂದಷ್ಟೇ ಇದೆ. ನಿಯೋಗದ ಷರತ್ತು ಅಲ್ಲಿಲ್ಲ, ನೀವು ಹೊರಗಿನಿಂದ ತಂದು ಸೇರಿಸಬೇಡಿ ಎಂಬುದು ಧಾರೇಶ್ವರನಿಗೆ ಕೊಟ್ಟ ಉತ್ತರ. ಶ್ರೀಕರನಿಗೆ ಕೊಟ್ಟ ಉತ್ತರ ನಮ್ಮ ಹಳ್ಳಿಯ ಹೆಂಗಸರಿಗೂ ತಟ್ಟನೆ ತಿಳಿಯುವಂಥದು. ಗಂಡುಮಕ್ಕಳು ಇರುವಾಗಲೇ ಪಾಲು ಮಾಡಿದರೆ ಹೆಂಡತಿಗೆ ಮಕ್ಕಳ ಸಮ ಒಂದು ಪಾಲು ಉಂಟು ಎಂದು ಅದೇ ಸ್ಮೃತಿ ಹೇಳುತ್ತದೆ. ಮಕ್ಕಳಿದ್ದಾಗಲೇ ಪಾಲು ಇರುವವಳಿಗೆ ಮಕ್ಕಳಿಲ್ಲದಾಗ ಬರೀ ಅನ್ನಬಟ್ಟೆ ಎಂದರೆ ಅದು ಯಾವ ನ್ಯಾಯ?

ಕೊನೆಗೆ ಅವನ ತೀರ್ಮಾನ: ಗಂಡ ಅಣ್ಣತಮ್ಮಂದಿರಿಂದ ಬೇರೆಯಾಗಿ ಪಾಲು ತೆಗೆದುಕೊಂಡಿದ್ದು, ಮತ್ತೆ ಅವರೊಂದಿಗೆ ಕೂಡಿಕೊಂಡಿರದಿದ್ದರೆ, ನಡತೆಯಲ್ಲಿ ಶುದ್ಧಳಾದ ಹೆಂಡತಿಗೆ ಅವನ ಪೂರ್ತಿ ಆಸ್ತಿ ಸೇರುತ್ತದೆ. ಅಣ್ಣತಮ್ಮಂದಿರಿಗೆ ಕೊಡಿ ಎನ್ನುವ ಸ್ಮೃತಿಗಳು ಕೂಡಿ ಬಾಳುವ ಮನೆಯ ಮಾತು ಹೇಳುತ್ತಿವೆ. ಹೀಗೆ ಓದಿದರೆ ಎರಡೂ ಕಡೆಯ ಮಾತು ನಿಲ್ಲುತ್ತದೆ.

ಇದಕ್ಕೆ ಮಿತಿಯೂ ಇತ್ತು. ಕೂಡಿದ ಮನೆಯ ಸೊಸೆ ವಿಧವೆಯಾದರೆ ಅವಳಿಗೆ ಅನ್ನಬಟ್ಟೆಯೇ ಗತಿ. ನಡತೆಯ ಷರತ್ತು ಹೆಂಗಸಿಗೆ ಮಾತ್ರ. ಇಂದಿನ ಕಣ್ಣಿಗೆ ಇದು ಕಡಿಮೆಯೇ. ಆದರೆ ‘ಹೊಲ ದೊಡ್ಡದಿದೆ, ನಿನಗಿಲ್ಲ’ ಎನ್ನುವ ಬಾಗಿಲು ಮುಚ್ಚಿದ್ದು ಈ ಓದು. ಹಿಂದಿನವರ ಮಾತನ್ನು ಅವನು ಸರಿಯಾಗಿ ಓದದೆ ಹೋಗಿದ್ದರೆ ಆ ಬಾಗಿಲು ತೆರೆದೇ ಇರುತ್ತಿತ್ತು.

ಇಲ್ಲಿ ಇನ್ನೊಂದು ಸಂಗತಿ ಇದೆ. ಧಾರೇಶ್ವರ ಎಂದರೆ ಮಾಳವದ ಧಾರಾನಗರದ ಭೋಜರಾಜ ಎಂದು ವಿದ್ವಾಂಸರು ಗುರುತಿಸುತ್ತಾರೆ. ಭೋಜನಿಗೂ ಕಲ್ಯಾಣಕ್ಕೂ ಹಗೆತನ. ವಿಕ್ರಮಾದಿತ್ಯನ ತಂದೆ ಒಂದನೇ ಸೋಮೇಶ್ವರ ಧಾರಾನಗರದ ಮೇಲೆಯೇ ದಂಡೆತ್ತಿ ಹೋಗಿದ್ದ. ಅಂಥ ವೈರಿ ರಾಜನ ಅಭಿಪ್ರಾಯವನ್ನೂ ಕಲ್ಯಾಣದ ಪಂಡಿತ ಹೆಸರು ಹಿಡಿದು, ಅವನ ವಾದ ಏನು ಎಂಬುದನ್ನು ಮೊದಲು ಹೇಳಿ, ಆಮೇಲೆಯೇ ತನ್ನ ಉತ್ತರ ಕೊಟ್ಟ. ನಮ್ಮ ಹಳೆಯ ಪಂಡಿತರು ಇದಕ್ಕೆ ‘ಪೂರ್ವಪಕ್ಷ’ ಎನ್ನುತ್ತಿದ್ದರು. ಎದುರಾಳಿಯ ಮಾತನ್ನು ಅವನೇ ತಲೆದೂಗುವಷ್ಟು ಸರಿಯಾಗಿ ಹೇಳುವುದು ಪೂರ್ವಪಕ್ಷ. ಅದಾದ ಮೇಲೆ ಬರುವ ತನ್ನ ಮಾತು ‘ಸಿದ್ಧಾಂತ’. ಇಂದಿನ ಸಾಹಿತ್ಯ ಸಮೀಕ್ಷೆಯ ತಿರುಳೂ ಇದೇ.

ಕಲ್ಯಾಣದ ಮಾತು ಸುಪ್ರೀಂ ಕೋರ್ಟಿನಲ್ಲಿ

ಮಿತಾಕ್ಷರ ಪಂಡಿತರ ಕಪಾಟಿನಲ್ಲಿ ಉಳಿಯಲಿಲ್ಲ. ಬಂಗಾಳದ ಕಡೆ ಜೀಮೂತವಾಹನನ ‘ದಾಯಭಾಗ’ ನಡೆದರೆ ದೇಶದ ಹೆಚ್ಚಿನ ಭಾಗದಲ್ಲಿ ಹಿಂದೂ ಕುಟುಂಬದ ಆಸ್ತಿಗೆ ಮಿತಾಕ್ಷರವೇ ಆಧಾರವಾಯಿತು. 1810ರಲ್ಲಿ ಕೋಲ್‌ಬ್ರೂಕ್ ಎಂಬ ಇಂಗ್ಲಿಷ್ ಅಧಿಕಾರಿ ಈ ಎರಡರ ಪಾಲಿನ ಭಾಗವನ್ನು ಇಂಗ್ಲಿಷಿಗೆ ತಂದ. ಕೋರ್ಟುಗಳು ಅದನ್ನು ಹಿಡಿದು ತೀರ್ಪು ಕೊಟ್ಟವು. ಇಂದಿನ ಹಿಂದೂ ಉತ್ತರಾಧಿಕಾರ ಕಾಯ್ದೆಯ ಆರನೇ ಕಲಮಿನಲ್ಲಿ ‘ಮಿತಾಕ್ಷರ’ ಎಂಬ ಶಬ್ದ ಈಗಲೂ ಇದೆ.

ಪಿತ್ರಾರ್ಜಿತ ಆಸ್ತಿಯಲ್ಲಿ ಮಗನಿಗೆ ಹುಟ್ಟಿನಿಂದಲೇ ಹಕ್ಕು ಎಂಬುದು ಮಿತಾಕ್ಷರದ ಮಾತು. ಕರ್ನಾಟಕ 1994ರಲ್ಲಿ ಜಾರಿಗೆ ಬಂದ ತಿದ್ದುಪಡಿಯಿಂದ ಮದುವೆಯಾಗದ ಹೆಣ್ಣುಮಕ್ಕಳಿಗೆ ಆ ಹಕ್ಕು ಕೊಟ್ಟಿತು. 2005ರ ಸೆಪ್ಟೆಂಬರ್ 9ರಿಂದ ಕೇಂದ್ರದ ತಿದ್ದುಪಡಿ ಎಲ್ಲ ಹೆಣ್ಣುಮಕ್ಕಳಿಗೂ ಕೊಟ್ಟಿತು. ಆಗ ಇನ್ನೊಂದು ಪ್ರಶ್ನೆ ಎದ್ದಿತು. ಆ ದಿನ ತಂದೆ ಬದುಕಿರಲೇಬೇಕೆ? ಬದುಕಿರಬೇಕು ಎಂದು ಸುಪ್ರೀಂ ಕೋರ್ಟ್ 2015ರಲ್ಲಿ ಹೇಳಿತು. 2018ರಲ್ಲಿ ಅದೇ ಕೋರ್ಟು 2001ರಲ್ಲೇ ತೀರಿಹೋದವರ ಹೆಣ್ಣುಮಕ್ಕಳಿಗೆ ಪಾಲು ಕೊಟ್ಟಿತು. ಎರಡೂ ಕರ್ನಾಟಕದಿಂದ ಹೋದ ಪ್ರಕರಣಗಳೇ.

ಹೀಗೆ ಎರಡು ಹಿಂದಿನ ಮಾತು ಒಂದಕ್ಕೊಂದು ಕೂಡದೆ ನಿಂತಾಗ ಏನು ಮಾಡಬೇಕು? ಮೂವರು ನ್ಯಾಯಮೂರ್ತಿಗಳ ಪೀಠ ಕುಳಿತು ಎರಡೂ ತೀರ್ಪುಗಳನ್ನು, ಅವುಗಳ ಹಿಂದಿನ ಕಾಯ್ದೆಯನ್ನು, ಮಿತಾಕ್ಷರದ ನಿಯಮವನ್ನು ಬಿಡಿಸಿ ನೋಡಿತು. 2020ರ ಆಗಸ್ಟ್ 11ರಂದು ತೀರ್ಪು ಬಂತು. ಹಕ್ಕು ಹುಟ್ಟಿನಿಂದ ಬರುವುದು, ಹಾಗಾಗಿ 2005ರಲ್ಲಿ ತಂದೆ ಬದುಕಿರಬೇಕೆಂಬುದಿಲ್ಲ ಎಂದಾಯಿತು. 2004ರ ಡಿಸೆಂಬರ್ 20ಕ್ಕೆ ಮೊದಲೇ ನೋಂದಣಿಯಾದ ಪಾಲುಪಟ್ಟಿಗಳಿಗೆ ಇದರಿಂದ ಧಕ್ಕೆ ಇಲ್ಲ. ವಿಜ್ಞಾನೇಶ್ವರ ಕಲ್ಯಾಣದಲ್ಲಿ ಮಾಡಿದ ಕೆಲಸದ ಕ್ರಮವೂ ಇದೇ ಆಗಿತ್ತು.

ಬೀದರಿನಲ್ಲಿ ಒಂದು ಸುಳ್ಳು ಪತ್ರ

ಹಿಂದಿನ ಕಾಗದವನ್ನು ತೂಗಿ ನೋಡದಿದ್ದರೆ ಏನಾಗುತ್ತದೆ ಎಂಬುದಕ್ಕೂ ನಮ್ಮಲ್ಲೇ ಉದಾಹರಣೆ ಇದೆ. ಕಲ್ಯಾಣದ ನಂತರ ಮೂರೂವರೆ ನೂರು ವರ್ಷ ಮುಂದೆ ಬನ್ನಿ, ಬೀದರ್ ನಗರಕ್ಕೆ.

ಇರಾನಿನ ಗೀಲಾನ್ ಸೀಮೆಯಿಂದ ವ್ಯಾಪಾರಕ್ಕೆಂದು ಬಂದ ಮಹಮೂದ್ ಗವಾನ್ ಬಹಮನಿ ರಾಜ್ಯದ ಪ್ರಧಾನಿಯಾದ. 1472ರಲ್ಲಿ ಅವನು ಕಟ್ಟಿಸಿದ ಮದರಸಾ ಇಂದಿಗೂ ಊರ ನಡುವೆ ನಿಂತಿದೆ. ಅದರ ಗ್ರಂಥಾಲಯದಲ್ಲಿ ಮೂರು ಸಾವಿರ ಹಸ್ತಪ್ರತಿಗಳಿದ್ದವು ಎಂದು ಹೇಳುತ್ತಾರೆ. 1696ರಲ್ಲಿ ಒಳಗಿಟ್ಟಿದ್ದ ಮದ್ದು ಸಿಡಿದು ಕಟ್ಟಡದ ಒಂದು ಭಾಗವೇ ಹಾರಿಹೋಯಿತು.

ಗವಾನನ ಏಳಿಗೆ ಸಹಿಸದವರು ಅವನ ಮುದ್ರೆ ಕಾಯುವವನನ್ನು ಮರುಳು ಮಾಡಿ ಖಾಲಿ ಕಾಗದದ ಮೇಲೆ ಮುದ್ರೆ ಒತ್ತಿಸಿಕೊಂಡರು. ಅದರಲ್ಲಿ ಒಡಿಶಾದ ರಾಜನಿಗೆ ದಂಡೆತ್ತಿ ಬರಲು ಹೇಳುವ ಪತ್ರ ಬರೆದು ಸುಲ್ತಾನ ಮೂರನೇ ಮುಹಮ್ಮದನ ಮುಂದಿಟ್ಟರು. ಮುದ್ರೆ ತನ್ನದು, ಪತ್ರ ತನ್ನದಲ್ಲ ಎಂದು ಗವಾನ್ ಹೇಳಿದ. ಸುಲ್ತಾನ ವಿಚಾರಿಸಲಿಲ್ಲ. ಬರೆದದ್ದು ಯಾರ ಕೈ, ತಂದವರು ಯಾರು, ಇದೇ ಮನುಷ್ಯ ಈ ಮೊದಲು ಬರೆದ ಪತ್ರಗಳ ಜೊತೆ ಇದು ಕೂಡುತ್ತದೆಯೇ, ಯಾವುದನ್ನೂ ಕೇಳಲಿಲ್ಲ. 1481ರ ಏಪ್ರಿಲಿನಲ್ಲಿ ಗವಾನನ ತಲೆ ಹೋಯಿತು. ಮರುವರ್ಷ ಸುಲ್ತಾನನೂ ತೀರಿಕೊಂಡ. ಆಮೇಲೆ ಬಹಮನಿ ರಾಜ್ಯ ಒಡೆದು ಐದಾಯಿತು. ಗವಾನನ ಗೋರಿ ಬೀದರ್ ಸಮೀಪದ ಗೋರ್ನಳ್ಳಿಯಲ್ಲಿದೆ.

ಮುದ್ರೆ ಇದ್ದ ಮಾತ್ರಕ್ಕೆ ಮಾತು ನಿಜವಾಗುವುದಿಲ್ಲ. ಇಂದು ಸಂಶೋಧನೆ ಮಾಡುವವರಿಗೂ ಇದು ಅನ್ವಯಿಸುತ್ತದೆ. ಪುಸ್ತಕದಲ್ಲಿ ಅಚ್ಚಾಗಿದೆ, ದೊಡ್ಡವರ ಹೆಸರಿದೆ ಎಂದಷ್ಟಕ್ಕೇ ಅದನ್ನು ಎತ್ತಿ ಹಾಕುವಂತಿಲ್ಲ.

ಹತ್ತು ಪುಸ್ತಕ, ಒಂದೇ ಸಾಕ್ಷಿ

ಗವಾನನ ಕಥೆ ನಮಗೆ ಹೆಚ್ಚಾಗಿ ತಿಳಿದಿರುವುದು ಫೆರಿಷ್ತಾನಿಂದ. ಅವನು ಬಿಜಾಪುರದಲ್ಲಿ ಎರಡನೇ ಇಬ್ರಾಹಿಂ ಆದಿಲಶಾಹಿಯ ಆಶ್ರಯದಲ್ಲಿ 1600ರ ನಂತರದ ವರ್ಷಗಳಲ್ಲಿ ದೊಡ್ಡ ಇತಿಹಾಸ ಬರೆದ. ತಾನು ಓದಿದ ಮೂವತ್ತಕ್ಕೂ ಹೆಚ್ಚು ಗ್ರಂಥಗಳ ಹೆಸರನ್ನು ಮೊದಲೇ ಹೇಳಿದ. ಅದು ಮೆಚ್ಚತಕ್ಕ ಕೆಲಸ. ಹಾಗಿದ್ದೂ ಅವನು ಹೇಳಿದ್ದೆಲ್ಲ ನಿಂತಿಲ್ಲ.

ಬಹಮನಿ ರಾಜ್ಯ ಕಟ್ಟಿದ ಹಸನ್ ಗಂಗುವಿನ ಕಥೆ ಎಷ್ಟೋ ಮಂದಿ ಶಾಲೆಯಲ್ಲಿ ಓದಿದ್ದಾರೆ. ಹಸನ್ ದಿಲ್ಲಿಯಲ್ಲಿ ಗಂಗು ಎಂಬ ಬ್ರಾಹ್ಮಣನ ಹೊಲದಲ್ಲಿ ಆಳಾಗಿದ್ದ. ಉಳುವಾಗ ಹೊನ್ನಿನ ಪಾತ್ರೆ ಸಿಕ್ಕಿತು. ಅದನ್ನು ಧಣಿಗೇ ಒಪ್ಪಿಸಿದ. ಧಣಿ ಮೆಚ್ಚಿ, ನೀನು ರಾಜನಾಗುತ್ತೀ, ಆಗ ನನ್ನ ಹೆಸರು ಇಟ್ಟುಕೋ ಎಂದ. ಬ್ರಾಹ್ಮಣ ಎಂಬುದೇ ಬಹಮನಿ ಆಯಿತು. ಕೇಳಲು ಚೆಂದದ ಕಥೆ. ಪುಸ್ತಕದಿಂದ ಪುಸ್ತಕಕ್ಕೆ ನಡೆದು ಈಗ ವಾಟ್ಸಾಪಿಗೂ ಬಂದಿದೆ.

ಹಿಂದಿನ ಬರಹಗಳನ್ನು ಕಾಲದ ಸಾಲಿನಲ್ಲಿ ಜೋಡಿಸಿ ನೋಡಿದರೆ ಬೇರೆಯೇ ಕಾಣುತ್ತದೆ. ಹಸನ್ ಪಟ್ಟಕ್ಕೆ ಬಂದದ್ದು 1347ರಲ್ಲಿ. ಅವನ ಕಾಲದಲ್ಲೇ ಇಸಾಮಿ ಎಂಬ ಕವಿ 1350ರ ಹೊತ್ತಿಗೆ ದೊಡ್ಡ ಇತಿಹಾಸಕಾವ್ಯ ಬರೆದು ಅವನಿಗೇ ಅರ್ಪಿಸಿದ. ಅದರಲ್ಲಿ ಈ ಕಥೆ ಇಲ್ಲ. ಅವನ ನಾಣ್ಯಗಳಲ್ಲಿ ಇರುವುದು ಬಹಮನ್ ಶಾಹ ಎಂದು. ಬಹಮನ್ ಪರ್ಷಿಯಾದ ಹಳೆಯ ರಾಜನ ಹೆಸರು. ಬ್ರಾಹ್ಮಣ ಧಣಿಯ ಕಥೆ ಸಿಗುವುದು ಎರಡೂವರೆ ಶತಮಾನದ ನಂತರ ಬರೆದ ಫೆರಿಷ್ತಾನಲ್ಲಿ. ಉಸ್ಮಾನಿಯಾ ವಿಶ್ವವಿದ್ಯಾಲಯದ ಹಾರೂನ್ ಖಾನ್ ಶೇರ್ವಾನಿ ಅವರಂಥ ಇತಿಹಾಸಕಾರರು ಇವನ್ನೆಲ್ಲ ಹೋಲಿಸಿ ನೋಡಿದ್ದರಿಂದ ಈಗ ವಿದ್ವಾಂಸರು ಇದನ್ನು ಕಟ್ಟುಕಥೆ ಎನ್ನುತ್ತಾರೆ.

ಸಾಹಿತ್ಯ ಸಮೀಕ್ಷೆ ಏಕೆ ಬೇಕು ಎಂಬುದಕ್ಕೆ ಇದಕ್ಕಿಂತ ಸರಳ ಉತ್ತರ ಬೇಕಿಲ್ಲ. ಹತ್ತು ಪುಸ್ತಕಗಳು ಒಂದೇ ಮಾತು ಹೇಳುತ್ತಿದ್ದರೆ ಹತ್ತು ಸಾಕ್ಷಿ ಸಿಕ್ಕಿತು ಎಂದು ಹುಡುಗ ಹಿಗ್ಗುತ್ತಾನೆ. ಒಂಬತ್ತು ಪುಸ್ತಕಗಳು ಹತ್ತನೆಯದನ್ನೇ ನೋಡಿ ಬರೆದಿದ್ದರೆ ಸಾಕ್ಷಿ ಒಂದೇ. ಯಾರು ಯಾರಿಂದ ತೆಗೆದುಕೊಂಡರು ಎಂದು ಹಿಂದಕ್ಕೆ ಹಿಂದಕ್ಕೆ ಹೋಗಿ ಮೂಲಕ್ಕೆ ಮುಟ್ಟದ ಹೊರತು ಇದು ಗೊತ್ತಾಗುವುದಿಲ್ಲ. ಧರ್ಮ, ಜಾತಿ, ರಾಜರ ವಿಷಯದಲ್ಲಿ ನಮ್ಮ ಫೋನಿಗೆ ಬಂದು ಬೀಳುವ ಎಷ್ಟೋ ಮಾತುಗಳು ಹೀಗೇ ಒಂದು ಸಾಕ್ಷಿಯ ಹತ್ತು ನಕಲು.

ಎಲ್ಲಿ ನಿಂತರು, ಎಲ್ಲಿಂದ ಶುರು ಮಾಡಬೇಕು

ಹಿಂದಿನವರನ್ನು ಓದುವುದು ತಪ್ಪು ಹಿಡಿಯಲಿಕ್ಕಷ್ಟೇ ಅಲ್ಲ. ಅವರು ಎಲ್ಲಿಗೆ ಬಂದು ನಿಂತರು ಎಂದು ತಿಳಿದರೆ ನಾವು ಅಲ್ಲಿಂದ ಮುಂದೆ ಹೋಗಬಹುದು.

ಬೀದರಿನ ಕಟ್ಟಡಗಳ ಬಗ್ಗೆ ಜೇಮ್ಸ್ ಬರ್ಜೆಸ್ ಎಂಬ ಪುರಾತತ್ವ ಅಧಿಕಾರಿಯ ವರದಿ 1878ರಲ್ಲಿ ಅಚ್ಚಾಯಿತು. ಅದು ಬೀದರ್, ಔರಂಗಾಬಾದ್ ಎರಡೂ ಜಿಲ್ಲೆಗಳಿಗೆ ಸೇರಿ ಬರೆದದ್ದು. 1914ರಲ್ಲಿ ಹೈದರಾಬಾದ್ ಸಂಸ್ಥಾನದ ಪುರಾತತ್ವ ಇಲಾಖೆ ವಹಿಸಿಕೊಂಡ ಗುಲಾಂ ಯಜ್ದಾನಿ ಅವರು ವರ್ಷಗಟ್ಟಲೆ ಬೀದರಿನ ಕೆಲಸ ಮಾಡಿ, 1947ರಲ್ಲಿ ಈ ಒಂದು ಊರಿನ ಇತಿಹಾಸ ಮತ್ತು ಸ್ಮಾರಕಗಳ ಮೇಲೆಯೇ ದೊಡ್ಡ ಗ್ರಂಥ ತಂದರು. ಪರ್ಷಿಯನ್, ಅರಬ್ಬಿ ಶಾಸನ ಓದುವ ವಿದ್ಯೆ ಅವರಿಗಿತ್ತು. ಕೋಟೆ, ಮದರಸಾ, ಅಷ್ಟೂರಿನ ಗುಮ್ಮಟಗಳ ಮೇಲೆ ಇವತ್ತು ಯಾರೇ ಬರೆಯಲಿ, ಆ ಪುಸ್ತಕವನ್ನು ದಾಟದೆ ಹೋಗುವಂತಿಲ್ಲ. ಅದನ್ನು ಓದದೆ ಮತ್ತೆ ಕಮಾನಿನ ಅಳತೆ ತೆಗೆದರೆ ಆಗಿಹೋದ ಕೆಲಸವನ್ನೇ ಮಾಡಿದಂತೆ. ಓದಿದರೆ, 1947ರಲ್ಲಿದ್ದದ್ದು ಈಗ ಎಷ್ಟು ಉಳಿದಿದೆ ಎಂಬ ಹೊಸ ಪ್ರಶ್ನೆ ಕೈಗೆ ಸಿಗುತ್ತದೆ.

ಇದು ಇತಿಹಾಸಕ್ಕೆ ಮಾತ್ರ ಸೇರಿದ ಮಾತಲ್ಲ. ಬೀದರಿನ ನಂದಿನಗರದಲ್ಲಿ ಪಶು ವಿಶ್ವವಿದ್ಯಾಲಯ ಇದೆ. ಔರಾದ್, ಭಾಲ್ಕಿ ಕಡೆಯ ರೈತರಿಗೆ ದೇವಣಿ ಆಕಳು ಗೊತ್ತು. ಅದರಲ್ಲಿ ಪೂರಾ ಬಿಳಿಯ ಬಾಲಂಕ್ಯಾ ಇದೆ, ಮುಖದ ಮೇಲೆ ಕಪ್ಪಿರುವ ವನ್ನೇರಾ ಇದೆ, ಮೈಮೇಲೆ ಮಚ್ಚೆ ಇರುವುದೂ ಇದೆ. ಒಬ್ಬ ವಿದ್ಯಾರ್ಥಿ ದೇವಣಿಯ ಹಾಲಿನ ಮೇಲೆ ಸಂಶೋಧನೆ ಮಾಡುತ್ತೇನೆ ಎಂದುಕೊಳ್ಳಿ. ಹಿಂದೆ ಅಳೆದವರು ಯಾವ ಬಗೆಯ ಆಕಳು ಅಳೆದರು, ಎಷ್ಟನೇ ಸೂಲಿನದು, ಮೇವು ಏನಿತ್ತು, ಸರಕಾರಿ ಫಾರಂನದೋ ರೈತರ ಮನೆಯದೋ ಎಂದು ನೋಡದೆ ತನ್ನ ಲೆಕ್ಕವನ್ನು ಅವರ ಲೆಕ್ಕದ ಪಕ್ಕ ಇಟ್ಟರೆ ಅದಕ್ಕೆ ಅರ್ಥವಿಲ್ಲ. ಆ ತಪ್ಪು ಲೆಕ್ಕದ ಮೇಲೆ ಯಾರಾದರೂ ರೈತನಿಗೆ ಸಲಹೆ ಕೊಟ್ಟರೆ ನಷ್ಟ ರೈತನಿಗೆ.

ನಮ್ಮ ಜಿಲ್ಲೆಯ ಕಷ್ಟ: ನಾಲ್ಕು ಭಾಷೆ, ಮೂರು ರಾಜ್ಯ

ಬೀದರಿನ ಮೇಲೆ ಕೆಲಸ ಮಾಡುವವರಿಗೆ ಹಿಂದಿನ ಬರಹ ಒಂದೇ ಕಡೆ ಸಿಗುವುದಿಲ್ಲ. ಬಹಮನಿ ಕಾಲದ್ದು ಪರ್ಷಿಯನ್‌ನಲ್ಲಿ. ನಿಜಾಮನ ಆಡಳಿತದ್ದು ಉರ್ದುವಿನಲ್ಲಿ. ಗಡಿಯ ವ್ಯವಹಾರದ್ದು ಮರಾಠಿಯಲ್ಲಿ. ಶಾಸನ, ವಚನ, ಮಠದ ಬರಹ ಕನ್ನಡದಲ್ಲಿ. 1956ರ ನವೆಂಬರ್ 1ರಂದು ಹಳೆಯ ಬೀದರ್ ಜಿಲ್ಲೆ ಮೂರು ಕಡೆ ಹಂಚಿಹೋಯಿತು. ಉದಗೀರ್, ನಿಲಂಗಾ, ಅಹಮದಪುರ ಇಂದಿನ ಮಹಾರಾಷ್ಟ್ರದ ಕಡೆ. ಜಹೀರಾಬಾದ್, ನಾರಾಯಣಖೇಡ್ ಇಂದಿನ ತೆಲಂಗಾಣದ ಕಡೆ. ಭಾಲ್ಕಿ, ಔರಾದ್, ಬೀದರ್, ಹುಮನಾಬಾದ್ ನಮ್ಮ ಕಡೆ. ನಿಜಾಮ್ ಕಾಲದ ದಫ್ತರಗಳನ್ನು ಹುಡುಕುವವರು ಹೈದರಾಬಾದಿಗೇ ಹೋಗಬೇಕು.

ಹೀಗಾಗಿ ಕನ್ನಡ ಮಾತ್ರ ಓದಿ ಬರೆದ ಬೀದರ್ ಇತಿಹಾಸ ಅರ್ಧ, ಉರ್ದು ಮಾತ್ರ ಓದಿ ಬರೆದದ್ದೂ ಅರ್ಧ. ಔರಾದಿನ ಒಂದು ಹಳ್ಳಿಯ ಬಗ್ಗೆ ‘ಈವರೆಗೆ ಯಾರೂ ಬರೆದಿಲ್ಲ’ ಎಂದು ಪ್ರಬಂಧದಲ್ಲಿ ಹಾಕುವ ಮೊದಲು ‘ನನಗೆ ಬರುವ ಭಾಷೆಯಲ್ಲಿ ಯಾರೂ ಬರೆದಿಲ್ಲ’ ಎಂದಷ್ಟೇ ಅಲ್ಲವೇ ಎಂದು ಕೇಳಿಕೊಳ್ಳಬೇಕು. ಪಕ್ಕದ ಮೊಹಲ್ಲಾದಲ್ಲಿ ಉರ್ದು ಓದುವ ಹಿರಿಯರೊಬ್ಬರು ಇದ್ದರೆ ಅವರ ಜೊತೆ ಕುಳಿತು ನಾಲ್ಕು ಹಾಳೆ ಓದಿಸಿಕೊಳ್ಳುವುದೂ ಸಾಹಿತ್ಯ ಸಮೀಕ್ಷೆಯ ಭಾಗವೇ. ಆ ತಲೆಮಾರು ಕಡಿಮೆಯಾಗುತ್ತಿದೆ ಎಂಬುದನ್ನೂ ನೆನಪಿಡಬೇಕು.

ಕನ್ನಡದಲ್ಲಿ ನಮ್ಮ ಸೀಮೆಯ ಬರಹ ಕಡಿಮೆ ಇರುವುದಕ್ಕೂ ಕಾರಣವಿದೆ. ನಿಜಾಮನ ಕಾಲದಲ್ಲಿ ಕಚೇರಿಯೂ ಉರ್ದು, ಶಾಲೆಯೂ ಉರ್ದು. ಭಾಲ್ಕಿ ಹಿರೇಮಠದ ಡಾ. ಚನ್ನಬಸವ ಪಟ್ಟದ್ದೇವರು (1889-1999) ಹೊರಗೆ ಉರ್ದು ಬೋರ್ಡು ಹಾಕಿ ಒಳಗೆ ಕನ್ನಡ ಕಲಿಸಿದ್ದು ಜಿಲ್ಲೆಯ ಮನೆಮನೆಯ ಮಾತು. ಹಾಗೆ ಕಲಿತವರ ಮಕ್ಕಳು, ಮೊಮ್ಮಕ್ಕಳು ಇಂದು ಕನ್ನಡದಲ್ಲಿ ಪಿಎಚ್‌ಡಿ ಮಾಡುತ್ತಿದ್ದಾರೆ. ಭಾಲ್ಕಿ ತಾಲೂಕಿನ ಹಾಲಹಳ್ಳಿಯಲ್ಲೇ ಈಗ ಬೀದರ್ ವಿಶ್ವವಿದ್ಯಾಲಯ ಇದೆ. ಇಷ್ಟು ಕಷ್ಟಪಟ್ಟು ಬಂದ ಅವಕಾಶದಲ್ಲಿ ನಕಲು ಹೊಡೆದ ಅಧ್ಯಾಯ ಕೊಡುವುದು ಸರಿಯಲ್ಲ.

ಈಗಿನ ಅನುಕೂಲ, ಈಗಿನ ಅಪಾಯ

ಮೊದಲಿನಂತೆ ಪ್ರಬಂಧ ನೋಡಲು ಧಾರವಾಡ, ಕಲಬುರಗಿ, ಹೈದರಾಬಾದ್ ಎಂದು ಬಸ್ ಹಿಡಿಯಬೇಕಿಲ್ಲ. ‘ಶೋಧಗಂಗಾ’ ಎಂಬ ಜಾಲತಾಣದಲ್ಲಿ ದೇಶದ ವಿಶ್ವವಿದ್ಯಾಲಯಗಳ ಪಿಎಚ್‌ಡಿ ಪ್ರಬಂಧಗಳು ಬಿಟ್ಟಿಯಾಗಿ ಸಿಗುತ್ತವೆ. ಫೋನಿನಲ್ಲೇ ತೆರೆಯಬಹುದು. ನಿಮ್ಮ ತಾಲೂಕಿನ ಹೆಸರು ಹಾಕಿ ಹುಡುಕಿ ನೋಡಿ.

ಅನುಕೂಲದ ಜೊತೆ ಅಪಾಯವೂ ಬಂದಿದೆ. ಪ್ರಬಂಧ ಸಿಗುವುದು ಸುಲಭವಾದಂತೆ ನಕಲೂ ಸುಲಭವಾಯಿತು. ಯುಜಿಸಿ 2018ರಲ್ಲಿ ನಿಯಮ ಮಾಡಿದೆ. ಬೇರೆಯವರ ಬರಹದೊಂದಿಗೆ ಶೇ. 10ರವರೆಗೆ ಹೋಲಿಕೆ ಇದ್ದರೆ ದಂಡವಿಲ್ಲ, ಅದಕ್ಕಿಂತ ಹೆಚ್ಚಿದ್ದರೆ ತಿದ್ದಿ ಕೊಡಬೇಕು, ಶೇ. 60 ದಾಟಿದರೆ ನೋಂದಣಿಯೇ ರದ್ದು. ಯಂತ್ರ ಹಿಡಿಯುವುದು ಶಬ್ದದ ನಕಲನ್ನು ಮಾತ್ರ. ನಾಲ್ಕು ಶಬ್ದ ಬದಲಿಸಿ ಐವತ್ತು ಹೆಸರು ಸಾಲಾಗಿ ಇಟ್ಟರೆ ಯಂತ್ರ ಪಾಸು ಮಾಡಬಹುದು. ಸಮೀಕ್ಷೆ ಮಾತ್ರ ಆಗಿರುವುದಿಲ್ಲ.

ಇನ್ನೊಂದು ಹೊಸದು. ಫೋನಿನಲ್ಲಿರುವ ಎಐ ಆ್ಯಪ್ ಕೇಳಿದರೆ ಅರೆಗಳಿಗೆಯಲ್ಲಿ ಪುಸ್ತಕಗಳ ಪಟ್ಟಿ ಕೊಡುತ್ತದೆ. ಇರುವ ಪುಸ್ತಕದ ಜೊತೆ ಇಲ್ಲದ ಪುಸ್ತಕದ ಹೆಸರನ್ನೂ ಲೇಖಕ, ಇಸವಿ, ಪುಟ ಸಮೇತ ಕೊಟ್ಟುಬಿಡಬಹುದು. ಗವಾನನ ಮುದ್ರೆ ಒತ್ತಿದ ಖಾಲಿ ಕಾಗದದ ಹಾಗೆ ಅದು. ಪುಸ್ತಕವನ್ನು ಕಣ್ಣಾರೆ ಕಾಣದೆ ಅದರ ಹೆಸರು ಬರೆಯಬಾರದು.

ಎರಡನೇ ಅಧ್ಯಾಯ ಬರೆಯುವ ತಮ್ಮಂದಿರು, ತಂಗಿಯರು ಪ್ರತಿ ಪುಸ್ತಕದ ಮುಂದೆ ಇಷ್ಟು ಕೇಳಿಕೊಂಡರೆ ಸಾಕು:

- ಇವರು ಕೇಳಿದ ಪ್ರಶ್ನೆ ಏನು?
- ಕಣ್ಣಾರೆ ಕಂಡು ಬರೆದರೋ, ಬೇರೆಯವರಿಂದ ತೆಗೆದುಕೊಂಡರೋ? ತೆಗೆದುಕೊಂಡಿದ್ದರೆ ಯಾರಿಂದ?
- ಇವರಿಗೆ ಎದುರಾಗಿ ಹೇಳಿದವರು ಯಾರು? ಅವರ ಮಾತನ್ನು ನಾನು ಸರಿಯಾಗಿ ಹೇಳಿದ್ದೇನೆಯೇ?
- ಇವರು ಎಲ್ಲಿಗೆ ನಿಲ್ಲಿಸಿದರು? ನಾನು ಎಲ್ಲಿಂದ ಶುರು ಮಾಡಲಿ?

ಪುಸ್ತಕದಲ್ಲಿ ಇಲ್ಲದವರು

ಕೊನೆಯದಾಗಿ ಒಂದು ಮಾತು, ಅದೂ ವಿಜ್ಞಾನೇಶ್ವರನಿಂದಲೇ. ಆಸ್ತಿ ಎಂಬುದನ್ನು ಶಾಸ್ತ್ರದಿಂದ ತಿಳಿಯಬೇಕೋ, ಲೋಕದ ನಡವಳಿಕೆಯಿಂದ ತಿಳಿಯಬೇಕೋ ಎಂಬ ಚರ್ಚೆ ಅವನ ಗ್ರಂಥದಲ್ಲಿ ಬರುತ್ತದೆ. ಶಾಸ್ತ್ರವನ್ನೇ ಕೇಳದ ಗಡಿನಾಡಿನ ಜನರೂ ಕೊಳ್ಳುತ್ತಾರೆ, ಮಾರುತ್ತಾರೆ, ಇದು ನನ್ನದು ಎನ್ನುತ್ತಾರೆ, ಹಾಗಾಗಿ ಅದು ಲೋಕದ ಸಂಗತಿ ಎಂಬುದು ಅವನ ನಿಲುವು. ಅಷ್ಟು ಪುಸ್ತಕ ಓದಿದವನೂ ಪುಸ್ತಕದ ಹೊರಗೆ ನೋಡಿದ.

ನಮ್ಮದೂ ಗಡಿನಾಡು. ಔರಾದಿನ ತಾಂಡಾಗಳ ಹಾಡು, ಬಾವಿ ತೋಡಿದವರ ಲೆಕ್ಕ, ಬರಗಾಲದಲ್ಲಿ ಊರು ಬಿಟ್ಟವರ ನೆನಪು ಇವೆಲ್ಲ ಬಹುಪಾಲು ಯಾವ ಪುಸ್ತಕದಲ್ಲೂ ಇಲ್ಲ. ಹಿಂದಿನ ಬರಹವನ್ನು ಪೂರ್ತಿ ಓದಿದವರಿಗೆ ಮಾತ್ರ ಏನು ಇಲ್ಲ ಎಂಬುದು ಖಾತ್ರಿಯಾಗಿ ಗೊತ್ತಾಗುತ್ತದೆ. ಹಾಗೆ ಗೊತ್ತಾದವರು ಹಳ್ಳಿಗೆ ಬಂದು ಕೇಳುತ್ತಾರೆ. ಅವರು ಬಂದಾಗ ಕುಳಿತು ಮಾತಾಡಿ, ಮನೆಯ ಪೆಟ್ಟಿಗೆಯಲ್ಲಿರುವ ಹಳೆಯ ಕಾಗದ ತೋರಿಸಿ. ಹೆಸರು, ಊರು, ವರ್ಷ ಸರಿಯಾಗಿ ಬರೆಸಿ. ಮುಂದೆ ಯಾರೋ ಒಬ್ಬರು ‘ಹಿಂದಿನವರು ಏನಂದಿದ್ದಾರೆ’ ಎಂದು ಹುಡುಕುವಾಗ ಸಿಗುವುದು ಇವತ್ತು ನೀವು ಹೇಳಿದ ಮಾತೇ.